ಬಿಡಿಭಾಗ ಹುಡುಕುತ್ತಾ ಸಿಕ್ಕ ಚರಿತ್ರೆ

ದೇವನೂರು ಎಂದೊಡನೆ ಸಾಹಿತ್ಯದ ಓದುಗರಿಗೆ ಮಹಾದೇವ ನೆನಪಾಗುತ್ತಾರೆ. ನಂಜನಗೂಡು ತಾಲ್ಲೂಕಿನ ಆ ಊರಿನಲ್ಲಿ ನಮ್ಮದೂ ಒಂದು ಮನೆಯಿದೆ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಮರೆಯಲ್ಲಿ, ಅಪ್ಪನ ಜಾವಾ ಬೈಕು ಇಪ್ಪತ್ತು ವರ್ಷ ನಿಂತಿತ್ತು. ಕೋಳಿಗಳು ಅದರ ಸೀಟಿನ ಮೇಲೆ ಮಲಗುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಗುಜರಿಯವರು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಕೇಳಿದರು. ಎರಡನೇ ಸಲ ಅವ್ವ, ‘ಕೊಟ್ಬುಡು ಮಗ, ಜಾಗನಾದ್ರೂ ಆಯ್ತದ’ ಅಂದಳು. ಒಂದು ವಾರ ತಡಿ ಎಂದೆ. ಆ ವಾರ ಮೂರು ವರ್ಷವಾಯಿತು.

ಹಳೆಯ ಗಾಡಿಯನ್ನು ಮತ್ತೆ ಓಡಿಸುವುದು ದುಡ್ಡಿನ ಕೆಲಸ ಅಂದುಕೊಂಡಿದ್ದೆ. ದುಡ್ಡು ಬೇಕು, ನಿಜ. ಆದರೆ ಅಂಗಡಿಗೆ ಹೋಗಿ ‘ಜಾವಾ ಸಾಮಾನು ಕೊಡಿ’ ಎಂದರೆ ಅಂಗಡಿಯವರು ಮೊದಲು ಕೇಳುವುದು ‘ಯಾವ ಜಾವಾ?’ ಎಂದು. ನನ್ನ ಹತ್ತಿರ ಉತ್ತರವಿರಲಿಲ್ಲ. ಗಾಡಿಯ ಟ್ಯಾಂಕಿನ ಮೇಲೆ ಯೆಜ್ಡಿ ಎಂದಿತ್ತು. ಅವ್ವನ ಟ್ರಂಕಿನಲ್ಲಿದ್ದ ಆರ್‌ಸಿ ಪುಸ್ತಕದಲ್ಲಿ ಜಾವಾ, 1968 ಎಂದಿತ್ತು. ನಂಬರ್ ಪ್ಲೇಟು ‘ಎಂವೈ’ಯಿಂದ ಶುರುವಾಗುತ್ತಿತ್ತು. ಬಿಡಿಭಾಗದ ಪಟ್ಟಿ ಮಾಡಲು ಕುಳಿತವನು ಮೊದಲು ಚರಿತ್ರೆ ಓದಬೇಕಾಯಿತು.

ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸ ಕೊಂಡು ತಯಾರಿಕೆ ಶುರುಮಾಡಿದ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಆಮದಿನ ಮೇಲೆ ಕಟ್ಟುಪಾಡು ಬಂದಾಗ, ಮುಂಬೈಯಲ್ಲಿ ಈ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದವರು ಇಲ್ಲಿಯೇ ತಯಾರಿಸಲು ಮುಂದಾದರು. ಅವರು ಆರಿಸಿಕೊಂಡ ಊರು ಮೈಸೂರು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್.

ಅಲ್ಲಿಂದ ಹೊರಬಂದ ಮುಖ್ಯ ಮಾದರಿ 250 ಸಿಸಿಯ ‘353’. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಟೂ ಸ್ಟ್ರೋಕ್ ಇಂಜಿನ್ನು. ಕಿಕ್ ಹೊಡೆಯುವ ಕಡ್ಡಿಯೂ ಗೇರು ಹಾಕುವ ಕಡ್ಡಿಯೂ ಒಂದೇ. ಅದನ್ನು ಒಳಗೊತ್ತಿ ಮೇಲೆತ್ತಿದರೆ ಕಿಕ್ಕರು, ಇಳಿಸಿದರೆ ಗೇರು. ಗೇರಿನ ಕಡ್ಡಿ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಹಿಡಿಯಲೇಬೇಕೆಂದಿಲ್ಲ. ಅಪ್ಪ ಎಡಗೈಯಲ್ಲಿ ಪಂಚೆಯ ಚುಂಗು ಹಿಡಿದುಕೊಂಡೇ ಗೇರು ಬದಲಾಯಿಸುತ್ತಿದ್ದದ್ದು ಹೇಗೆಂದು ನನಗೆ ಆಗ ಅರ್ಥವಾಯಿತು.

1973 ಎರಡು ಹೆಸರುಗಳು ಬದಲಾದ ವರ್ಷ. ಮೈಸೂರು ರಾಜ್ಯ ನವೆಂಬರ್ 1ರಂದು ಕರ್ನಾಟಕವಾಯಿತು. ಅದೇ ವರ್ಷ ಮೈಸೂರಿನ ಜಾವಾ ಯೆಜ್ಡಿಯಾಯಿತು. ಇರಾನಿಗಳ ಮೂಲ ನೆಲೆಯಾದ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಮೊದಲ ಯೆಜ್ಡಿಗಳು ಹಳೆಯ ಜಾವಾದ ಮೈಯಲ್ಲಿಯೇ ಬಂದವು. ಬದಲಾಗಿದ್ದು ಮುಖ್ಯವಾಗಿ ಹೆಸರಿನ ಪಟ್ಟಿ. ಹಾಗಾಗಿ ನಮ್ಮ ಗಾಡಿಯ ಪ್ಲೇಟು ಮೈಸೂರು ರಾಜ್ಯದ್ದು, ಇಂಜಿನ್ನು ಜಾವಾದ್ದು, ಟ್ಯಾಂಕು ಮಾತ್ರ 1973ರ ಈಚಿನದು. ಯಾರೋ ಯಾವಾಗಲೋ ಬದಲಾಯಿಸಿದ್ದಾರೆ. ಯಾರು, ಯಾಕೆ ಎಂಬುದು ಆಗ ಗೊತ್ತಿರಲಿಲ್ಲ.

ಮೈಸೂರು ಸೀಮೆಯಲ್ಲಿ ಹಳೆಯ ವಾಹನ ಎಂದರೆ ಜನ ಮೊದಲು ನೆನೆಯುವುದು ಮಹಾರಾಜರ ರೋಲ್ಸ್ ರಾಯ್ಸ್‌ಗಳನ್ನು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಹಳೆಯ ಕಾರುಗಳು ಫಳಫಳ ಹೊಳೆಯುತ್ತಾ ನಿಂತಿವೆ. ಅವುಗಳನ್ನು ನೋಡಿಕೊಳ್ಳಲು ಜನರಿದ್ದಾರೆ. ಜಾವಾ ಹಾಗಲ್ಲ. ಅದು ಮೇಷ್ಟರ, ಹಾಲಿನವರ, ರೇಷ್ಮೆಗೂಡಿನ ವ್ಯಾಪಾರಿಗಳ ಗಾಡಿ. 1984–85ರ ಹೊತ್ತಿಗೆ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು. ಕಡಿಮೆ ಪೆಟ್ರೋಲು ಕುಡಿಯುತ್ತಿದ್ದವು. ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಯಾದವಗಿರಿಯ ತಯಾರಿಕೆ ನಿಂತಿತು. ಗಾಡಿಗಳು ಕೊಟ್ಟಿಗೆ ಸೇರಿದವು, ಸಾಮಾನುಗಳು ಗುಜರಿ ಸೇರಿದವು.

ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅದೂ ಜಯಚಾಮರಾಜರ ಹೆಸರಿನ ರಸ್ತೆಯೇ. ಒಂದಿಡೀ ದಿನ ಅಲೆದು ಒಂದು ಪಿಸ್ಟನ್ನು, ಎರಡು ಕೇಬಲ್ಲು ತಂದೆ. ಚೆಕ್ ದೇಶದಲ್ಲಿ 353ರ ಸಾಮಾನುಗಳನ್ನು ಇಂದಿಗೂ ಹೊಸದಾಗಿ ಮಾಡುತ್ತಾರೆ, ತರಿಸಿಕೊಳ್ಳಬಹುದು. ಆದರೆ ಮೈಸೂರಿನ ಗಾಡಿಯಲ್ಲಿ ಕಾಲಕಾಲಕ್ಕೆ ಸಣ್ಣಪುಟ್ಟ ಬದಲಾವಣೆಗಳಾಗಿರುವುದರಿಂದ ಅಳತೆ ನೋಡದೆ ತರಿಸಿದರೆ ಕೂರುತ್ತದೆಂಬ ಭರವಸೆಯಿಲ್ಲ. 2018ರಲ್ಲಿ ಜಾವಾ ಹೆಸರಿನಲ್ಲಿಯೇ ಹೊಸ ಬೈಕು ಬಂತು. ಅದು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಇಂಜಿನ್ನು. ಅದರ ಸಾಮಾನು ಇದಕ್ಕೆ ಆಗುವುದಿಲ್ಲ.

ತಂದ ಪಿಸ್ಟನ್ನು ಕೂಡ ಕೂರಲಿಲ್ಲ. ಆಗ ಪರಿಚಿತರೊಬ್ಬರು ಮೈಸೂರಿನ ಒಬ್ಬ ಹಿರಿಯರ ಹತ್ತಿರ ಕಳಿಸಿದರು. ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಇಂಜಿನ್ನು ಜೋಡಿಸಿದವರು, ವಯಸ್ಸು ಎಂಬತ್ತರ ಹತ್ತಿರ. ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿ, ‘ಸಾಮಾನು ತಂದಿದ್ದೀಯ, ಅಳತೆ ತಂದಿಲ್ಲ’ ಎಂದರು. ಸಿಲಿಂಡರಿನ ಮೂಲ ಅಳತೆ 65 ಮಿಲಿಮೀಟರ್. ಸವೆದಂತೆಲ್ಲ ಕಾಲು ಮಿಲಿಮೀಟರಿನಂತೆ ಬೋರ್ ಮಾಡಿಸುತ್ತಾ ಹೋಗಬೇಕು, ಅದಕ್ಕೆ ತಕ್ಕ ಪಿಸ್ಟನ್ನು ಹಾಕಬೇಕು. ಅಪ್ಪ ಎಷ್ಟು ಸಲ ಬೋರ್ ಮಾಡಿಸಿದ್ದರೆಂದು ಮೊದಲು ತಿಳಿಯಬೇಕಿತ್ತು.

ಅವರ ಸಲಹೆಗಳು ಹೆಚ್ಚಾಗಿ ಏನು ಮಾಡಬಾರದು ಎಂಬುದರ ಬಗ್ಗೆ. ತುಕ್ಕು ಹಿಡಿದು ಕಚ್ಚಿಕೊಂಡ ಪಿಸ್ಟನ್ನನ್ನು ಸುತ್ತಿಗೆಯಲ್ಲಿ ಹೊಡೆಯಬೇಡ, ಪ್ಲಗ್ಗಿನ ತೂತಿನಲ್ಲಿ ಡೀಸೆಲ್ ಬಿಟ್ಟು ವಾರ ಕಾಯಿ. ಇಂಜಿನ್ನು ಒಮ್ಮೆ ಸದ್ದು ಮಾಡಿತೆಂದು ಹಿಗ್ಗಿ ಓಡಿಸಬೇಡ. ಕ್ರ್ಯಾಂಕಿನ ಎರಡೂ ಬದಿಯ ಹಳೆಯ ರಬ್ಬರ್ ಸೀಲು ಒಡೆದಿದ್ದರೆ ಗಾಳಿ ಎಳೆದುಕೊಂಡು ಪಿಸ್ಟನ್ನು ಮತ್ತೆ ಕಚ್ಚುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆಯಬೇಡ, ಲೀಟರಿಗೆ 40 ಮಿಲಿಲೀಟರ್. ಹಳೆಯ ಭಾಗ ಯಾವುದನ್ನೂ ಎಸೆಯಬೇಡ, ಲೇತಿನವನಿಗೆ ತೋರಿಸಲಾದರೂ ಬೇಕಾಗುತ್ತದೆ.

ಇದೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ‘ಬರ್ಕೊ, ಬರ್ಕೊ’ ಎಂದು ನಕ್ಕರು. ‘ಕ್ಲಚ್ ಕೂರಿಸೋದು ಮಾತ್ರ ಬರೆದ್ರೆ ಬರಲ್ಲ, ಕೈ ಇಡಬೇಕು.’ ಅವರ ಜೊತೆ ಕೆಲಸ ಮಾಡಿದವರಲ್ಲಿ ಹಲವರು ಈಗಿಲ್ಲ. ಅವರ ಕಣ್ಣೂ ಮಂದವಾಗಿದೆ. ಸವೆತವನ್ನು ಬೆರಳಿನಿಂದಲೇ ತಿಳಿಯುತ್ತಾರೆ. ಕಾರ್ಖಾನೆಯ ಬಗ್ಗೆ ಓದಿದರೆ ಮಾಲೀಕರ ಹೆಸರು ಸಿಗುತ್ತದೆ, ಉದ್ಘಾಟನೆಯ ವರ್ಷ ಸಿಗುತ್ತದೆ. ಈ ಬೆರಳಿನ ತಿಳಿವಳಿಕೆ ಅವರು ಇರುವಷ್ಟು ದಿನ ಮಾತ್ರ. ಪ್ರತಿ ಭಾನುವಾರ ನಾನು ಮೈಸೂರಿಗೆ ಹೋಗತೊಡಗಿದ್ದು ಇದು ಹೊಳೆದ ಮೇಲೆ. ಆಮೇಲಾಮೇಲೆ ಬಿಡಿಭಾಗ ಬರೀ ನೆಪವಾಯಿತು.

ಕೊನೆಗೆ ಉಳಿದದ್ದು ಟ್ಯಾಂಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ಮೂಲ ರೂಪಕ್ಕೆ ಜಾವಾ ಟ್ಯಾಂಕೇ ಸರಿ ಎಂದು ಹುಡುಕಿ ಒಂದನ್ನು ತಂದೆ. ಯೆಜ್ಡಿ ಟ್ಯಾಂಕು ಬಿಚ್ಚುವಾಗ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ಅದ್ಯಾಕ ಬಿಚ್ಚೀಯ?’

‘ಇದು ಇದರದ್ದಲ್ಲ ಅವ್ವ. ಯಾರೋ ಆಮೇಲೆ ಹಾಕವ್ರ.’

‘ಯಾರೋ ಏನು, ನಿಮ್ಮಪ್ಪನೇ ಹಾಕ್ಸಿದ್ದು. ನಂಜನಗೂಡು ಜಾತ್ರ ಮುಗಿಸ್ಕೊಂಡು ಬರುವಾಗ ಬಿದ್ವಲ್ಲ, ಹಳೇದು ನುಜ್ಜುಗುಜ್ಜಾಗೋಯ್ತು. ನೀನು ಹೊಟ್ಟೇಲಿದ್ದೆ ಆಗ. ನಂಗೇನೂ ಆಗ್ಲಿಲ್ಲ, ಅವರ ಕಾಲು ಮುರೀತು.’

ಅಪ್ಪ ಕುಂಟುತ್ತಿದ್ದದ್ದು ನನಗೆ ಗೊತ್ತು. ಕಾರಣ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಭಾನುವಾರ ಇದನ್ನು ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎರಡೂ ನಾವೇ ಮಾಡಿದ ಟ್ಯಾಂಕು ಕಣಪ್ಪ’ ಅಂದರು.

ಯೆಜ್ಡಿ ಟ್ಯಾಂಕು ಮತ್ತೆ ಗಾಡಿಯ ಮೇಲೆ ಕೂತಿತು. ಜಾವಾ ಟ್ಯಾಂಕನ್ನು ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ನಿಜವಾಗಿ ಬೇಕಾದವರು ಯಾರಾದರೂ ಹುಡುಕಿಕೊಂಡು ಬರುತ್ತಾರೆ. ನೋಟ್‌ಬುಕ್ಕು ಅರ್ಧ ತುಂಬಿದೆ. ಅದರಲ್ಲಿ ಟ್ಯಾಂಕಿನ ಪುಟಕ್ಕೆ ಅವ್ವ ಹೇಳಿದ್ದನ್ನೂ ಸೇರಿಸಿದ್ದೇನೆ. ಕ್ಲಚ್ಚಿನ ಪುಟ ಮಾತ್ರ ಇನ್ನೂ ಖಾಲಿ. ಅದಕ್ಕಾಗಿ ಈ ಭಾನುವಾರವೂ ಹೋಗಬೇಕು.