ಸಾಂಬ್ರಾದಲ್ಲಿ ಸಣ್ಣ ವಿಮಾನದ ಫೋಟೋ ತೆಗೆಯೋದು ಹೆಂಗ? ಎಲ್ಲಿ ಕ್ಯಾಮೆರಾ ಎತ್ತಬಾರದು?

ಮೂಡಲಗಿ: ಬೆಳಗಾವಿ–ಬಾಗಲಕೋಟ ರಸ್ತೆಯಲ್ಲಿ ಹೋಗುವಾಗ ಸಾಂಬ್ರಾ ಹತ್ತಿರ ಪುಟ್ಟ ವಿಮಾನ ಮತ್ತೆ ಮತ್ತೆ ಸುತ್ತು ಹಾಕೋದನ್ನ ನಮ್ಮ ತಾಲೂಕಿನ ಬಹಳ ಮಂದಿ ನೋಡಿರ್ತೀರಿ. ಅವು ಪೈಲಟ್ ತರಬೇತಿಯ ವಿಮಾನಗಳು. ಫೋಟೋ ತೆಗೆಯಲು ಹೋಗುವ ಹುಡುಗರು, ಸ್ಟುಡಿಯೋದವರು ಮೊದಲು ಇಷ್ಟು ತಿಳ್ಕೊಂಡಿರಬೇಕು.

ಜಾಗ ಎಂಥದ್ದು?
ಸಾಂಬ್ರಾ ವಿಮಾನ ನಿಲ್ದಾಣ 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಆದದ್ದು. ಹೊಸ ಟರ್ಮಿನಲ್ 2017ರಲ್ಲಿ ಶುರುವಾಯಿತು. ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ. ಹಂಗಾಗಿ ಇದು ಬರೇ ಪ್ರಯಾಣಿಕರ ನಿಲ್ದಾಣ ಅಲ್ಲ.

ಗುರುತಿಸೋದು ಹೆಂಗ?
ತರಬೇತಿಗೆ ಹೆಚ್ಚು ಬಳಸುವುದರಲ್ಲಿ ಸೆಸ್ನಾ 172 ಒಂದು. ರೆಕ್ಕೆ ಕಿಟಕಿಗಿಂತ ಮೇಲೆ, ಮೂತಿಗೆ ಒಂದೇ ಫ್ಯಾನು, ನಾಲ್ಕು ಸೀಟು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 11 ಮೀಟರ್. ‘ವಿಟಿ’ ಅಂತ ಶುರುವಾಗುವ ಅಕ್ಷರಗಳಿದ್ದರೆ ಅದು ಭಾರತದಲ್ಲಿ ನೋಂದಣಿಯಾದ ವಿಮಾನ; ನಮ್ಮ ಗಾಡಿಗೆ ‘ಕೆಎ’ ಇದ್ದಂಗ.

ಫೋಟೋ ಹೆಂಗ?
ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಸಾಂಬ್ರಾ ರನ್‌ವೇ ಪೂರ್ವ–ಪಶ್ಚಿಮ ದಿಕ್ಕಿನಲ್ಲಿದೆ. ಮಳೆಗಾಲದ ಪಶ್ಚಿಮ ಗಾಳಿಗೆ ಸಾಮಾನ್ಯವಾಗಿ ಪೂರ್ವದ ಕಡೆಯಿಂದ ಇಳಿಯುತ್ತವೆ. ಬಿಸಿಲು ಬೆನ್ನಿಗಿರಲಿ. ಮಧ್ಯಾಹ್ನ ನೆಲದ ಕಾವಿಗೆ ಚಿತ್ರ ನಡುಗಿದಂಗ ಬರ್ತದ, ಬೆಳಿಗ್ಗೆಯೇ ಚಲೋ. ಶಟರ್ 1/1000 ಇಟ್ಟರೆ ಫ್ಯಾನು ನಿಂತಂಗ ಕಾಣ್ತದ. 1/200ರ ಆಸುಪಾಸು ಇಟ್ಟು, ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸ್ರಿ. ಫ್ಯಾನು ತಿರುಗುವುದು ಕಾಣ್ತದ.

ಏನು ಮಾಡಬಾರದು?
• ವಾಯುಪಡೆಯ ಗೇಟು, ಕಾಂಪೌಂಡು, ಕಟ್ಟಡ, ಸಿಬ್ಬಂದಿ ಫೋಟೋ ಬೇಡವೇ ಬೇಡ. ನಿಷೇಧದ ಬೋರ್ಡ್ ಇದ್ದಲ್ಲಿ ಮೊಬೈಲ್ ಸಹ ತೆಗೀಬ್ಯಾಡ್ರಿ. ಪೊಲೀಸರು, ಭದ್ರತೆಯವರು ಹೋಗು ಅಂದರೆ ವಾದ ಮಾಡದೆ ಹೊರಡ್ರಿ.
• ಮದುವೆ ಶೂಟಿಂಗ್ ಮಾಡುವವರು ಗಮನಿಸಿ: 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಸಣ್ಣ ವಿಮಾನಕ್ಕೆ ಡ್ರೋನ್ ಬಡಿದರೆ ಒಳಗಿರುವ ವಿದ್ಯಾರ್ಥಿಯ ಜೀವಕ್ಕೇ ಅಪಾಯ.
• ಬೇರೆಯವರ ಹೊಲದಾಗ ನಿಲ್ಲೋದಿದ್ರೆ ಮಾಲೀಕರನ್ನ ಕೇಳ್ರಿ. ಬೆಳಿ ತುಳೀಬ್ಯಾಡ್ರಿ.

ಹೊಲಕ್ಕೆ ಇಳಿದರೆ?
2023ರ ಮೇ 30ರಂದು ಸಾಂಬ್ರಾದಿಂದ ಹಾರಿದ್ದ ತರಬೇತಿ ವಿಮಾನವೊಂದು ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥದ್ದು ಕಂಡರೆ ಮೊದಲು 112ಕ್ಕೆ ಫೋನ್ ಮಾಡ್ರಿ. ಪೆಟ್ರೋಲ್ ಸೋರುತ್ತಿರಬಹುದು, ಬೀಡಿ–ಸಿಗರೇಟು ಹಚ್ಚಬ್ಯಾಡ್ರಿ. ಫ್ಯಾನಿನ ಹತ್ತಿರ ಹೋಗಬ್ಯಾಡ್ರಿ, ಬಿದ್ದ ತುಣುಕು ಎತ್ತಬ್ಯಾಡ್ರಿ. ತನಿಖೆಗೆ ಅವು ಬೇಕು. ಸೆಲ್ಫಿಗೆ ಮಂದಿ ಮುತ್ತಿದರೆ ಆಂಬುಲೆನ್ಸ್‌ಗೆ ದಾರಿ ಸಿಗಂಗಿಲ್ಲ.