ದೂತ ತಂದ ಸುದ್ದಿ: ಒಂದು ಅಧ್ಯಯನ ನಡೆದು ಬಂದ ದಾರಿ

ಯೇಸುವಿನ ಜನನವನ್ನು ಮುಂಚಿತವಾಗಿ ಸಾರುವ ದೃಶ್ಯ ನಾಲ್ಕು ಸುವಾರ್ತೆಗಳ ಪೈಕಿ ಎರಡರಲ್ಲಷ್ಟೇ ಇದೆ. ಮತ್ತಾಯನಲ್ಲಿ ದೂತ ಬರುವುದು ಯೋಸೇಫನ ಕನಸಿಗೆ; ಲೂಕನಲ್ಲಿ ಗಬ್ರಿಯೇಲನು ನಜರೇತಿನ ಮರಿಯಳ ಬಳಿಗೇ ಬರುತ್ತಾನೆ. ಜರ್ಮನಿಯ ಡೇವಿಡ್ ಸ್ಟ್ರಾಸ್ 1835ರಲ್ಲಿ ಈ ವ್ಯತ್ಯಾಸಗಳನ್ನು ಎತ್ತಿ ತೋರಿಸಿ, ಇವು ಹಳೆಯ ಒಡಂಬಡಿಕೆಯ ಕಥೆಗಳ ಅಚ್ಚಿನಲ್ಲಿ ಮೂಡಿದ ಪುರಾಣಗಳು ಎಂದ. ಅದಕ್ಕೂ ಮೊದಲಿನ ವಿಚಾರವಾದಿಗಳು ದೂತನ ಜಾಗದಲ್ಲಿ ಯಾವುದಾದರೂ ಸಹಜ ಕಾರಣವನ್ನು ಕೂರಿಸುವ ಪಾಡು ಪಟ್ಟಿದ್ದರು. ಆ ಕಸರತ್ತು ಸ್ಟ್ರಾಸ್‌ನಿಂದ ಬಹುಮಟ್ಟಿಗೆ ನಿಂತಿತು. 1930ರಲ್ಲಿ ಅಮೆರಿಕದ ಗ್ರೆಶಮ್ ಮೇಚೆನ್ ಕನ್ಯಾಜನನದ ಐತಿಹಾಸಿಕತೆಯನ್ನು ದೊಡ್ಡ ಗ್ರಂಥವೊಂದರಲ್ಲಿ ಸಮರ್ಥಿಸಿದ. ಎದುರಾಳಿಗಳಾದರೂ ಇಬ್ಬರನ್ನೂ ಕಾಡಿದ್ದು ಒಂದೇ ಪ್ರಶ್ನೆ: ಇದು ನಡೆಯಿತೋ ಇಲ್ಲವೋ?

ಕಥೆ ಹೇಳುವ ಬಗೆಯತ್ತ ಗಮನ ಬಲವಾಗಿ ತಿರುಗಿದ್ದು 1977ರಲ್ಲಿ, ಕ್ಯಾಥೊಲಿಕ್ ಪಾದ್ರಿ ರೇಮಂಡ್ ಬ್ರೌನ್‌ರ ಗ್ರಂಥದಿಂದ. ದೂತ ಕಾಣಿಸಿಕೊಳ್ಳುವುದು, ಕಂಡವರ ಭಯ, ಸಂದೇಶ, ಆಕ್ಷೇಪ, ಗುರುತು ಎಂಬ ಐದು ಹಂತಗಳನ್ನು ಅವರು ಇಷ್ಮಾಯೇಲ, ಇಸಾಕ, ಸಂಸೋನರ ಕಥೆಗಳಲ್ಲಿ ಗುರುತಿಸಿದರು. ಹಾಗಾದರೆ ಲೂಕ ಅಚ್ಚು ಒತ್ತಿದ್ದಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೇಳುವ ಕ್ರಮ ರೂಢಿಯದು ಎಂದ ಮಾತ್ರಕ್ಕೆ ಹೇಳಿದ ಸಂಗತಿ ಕಟ್ಟುಕಥೆ ಎಂದಾಗುವುದಿಲ್ಲ, ನಿಜವೆಂದೂ ಆಗುವುದಿಲ್ಲ. ರೋಮಿನಲ್ಲಿಯೂ ಚಕ್ರವರ್ತಿ ಆಗಸ್ಟಸನನ್ನು ಅಪೊಲೊ ದೇವರ ಮಗನೆಂದು ಹೇಳುತ್ತಿರಲಿಲ್ಲವೇ ಎಂಬುದು ಇನ್ನೊಂದು ತಕರಾರು. ಆದರೆ ಅಲ್ಲಿ ದೇವರು ಹಾವಿನ ರೂಪದಲ್ಲಿ ಹೆಣ್ಣನ್ನು ಕೂಡುತ್ತಾನೆ. ಲೂಕನಲ್ಲಿ ಕೂಟದ ಸುಳಿವೇ ಇಲ್ಲ. ಅವನ ನಂಟು ಹೀಬ್ರೂ ಕಥೆಗಳೊಡನೆಯೇ ಹೆಚ್ಚು.

ನನ್ನ ಮಟ್ಟಿಗೆ ಕುತೂಹಲ ಹುಟ್ಟುವುದು ಅಚ್ಚು ಒಡೆದಲ್ಲಿ. ಇಸಾಕನ ತಾಯಿ ಸಾರ, ಸಂಸೋನನ ತಾಯಿಯಾದ ಮಾನೋಹನ ಹೆಂಡತಿ, ಲೂಕನಲ್ಲೇ ಬರುವ ಎಲಿಸಬೇತ ಬಂಜೆಯರು. ಮರಿಯಳು ಬಂಜೆಯಲ್ಲ, ಮಗುವಿಗಾಗಿ ಹಂಬಲಿಸಿದವಳೂ ಅಲ್ಲ. ದೂತನಿಂದ ಮಗನ ಸುದ್ದಿ ಕೇಳಿದ ಎಲಿಸಬೇತಳ ಗಂಡ ಜಕರೀಯನೂ ಮರಿಯಳೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ದೇವಾಲಯದಲ್ಲಿ ಧೂಪ ಹಾಕುತ್ತಿದ್ದ ಯಾಜಕನ ಮಾತು ನಿಂತುಹೋಗುತ್ತದೆ, ಹಳ್ಳಿಯ ಹುಡುಗಿಗೆ ವಿವರಣೆ ಸಿಗುತ್ತದೆ. ಈ ವ್ಯತ್ಯಾಸವನ್ನು ವಿವರಿಸಲು ಜನನಸೂಚನೆಯ ಮಾದರಿಯೊಂದೇ ಸಾಲದು. ನ್ಯಾಯಸ್ಥಾಪಕರು ಗ್ರಂಥದ ಗಿದ್ಯೋನನ ಕಥೆ ಹೆಚ್ಚು ನೆರವಾಗುತ್ತದೆ. ಶತ್ರುಗಳಾದ ಮಿದ್ಯಾನ್ಯರ ಕಣ್ಣಿಗೆ ಬೀಳದಂತೆ ದ್ರಾಕ್ಷಿಯ ಆಲೆಯಲ್ಲಿ ಗೋದಿ ಬಡಿಯುತ್ತಿದ್ದವನಿಗೂ, ಮರಿಯಳಿಗೆ ಹೇಳಿದಂತೆಯೇ, ದೂತ ಮೊದಲು ಹೇಳುವುದು ಕರ್ತನು ನಿನ್ನೊಂದಿಗಿದ್ದಾನೆ ಎಂದೇ. ಅಲ್ಲಿ ಮಗುವಿನ ಸುದ್ದಿಯಿಲ್ಲ, ಮಿದ್ಯಾನ್ಯರ ವಿರುದ್ಧ ಹೊರಬೇಕಾದ ಹೊಣೆಯಿದೆ. ಮಗನನ್ನು ಹೆರುವವಳ ದೃಶ್ಯಕ್ಕೆ ಯೋಧನ ಕರೆಯ ಕಥೆ ಹೊಂದುವುದಾದರೂ ಹೇಗೆ ಎನ್ನುವವರಿಗೆ ಲೂಕನ ಪಠ್ಯದಲ್ಲೇ ಉತ್ತರವಿದೆ. ಇಷ್ಮಾಯೇಲನ ತಾಯಿ ಹಾಗರಳಾಗಲಿ ಮಾನೋಹನ ಹೆಂಡತಿಯಾಗಲಿ ದೂತನಿಗೆ ಒಪ್ಪಿಗೆ ಕೊಡುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ; ಮತ್ತಾಯನ ಯೋಸೇಫನಂತೂ ತುಟಿ ಬಿಚ್ಚುವುದಿಲ್ಲ. ಮರಿಯಳು ತಾನು ಕರ್ತನ ದಾಸಿಯೆಂದು ಹೇಳಿ ಒಪ್ಪಿಕೊಂಡ ಮೇಲೆಯೇ ಗಬ್ರಿಯೇಲನು ಹೊರಡುವುದು.