ತೆರೆದ ಗಣಿಗಳ ಇಳಿಜಾರು ಭದ್ರತೆ: ಕರ್ನಾಟಕದ ಮೃದುಶಿಲಾ ಗಣಿಗಳು

ಗಣಿಯ ಗೋಡೆಗಳು ಮತ್ತು ಹೊರಗೆ ಸುರಿದ ತ್ಯಾಜ್ಯದ ರಾಶಿಗಳು ಕುಸಿಯದಂತೆ ಅವುಗಳ ಎತ್ತರ, ಓರೆ, ನೀರಿನ ಹರಿವನ್ನು ಹತೋಟಿಯಲ್ಲಿಡುವ ವಿದ್ಯೆಯೇ ಇಳಿಜಾರು ಭದ್ರತೆ. ಗಟ್ಟಿಬಂಡೆ ಬಹುಮಟ್ಟಿಗೆ ತನ್ನ ಬಿರುಕುಗಳ ಗುಂಟ ಜಾರುತ್ತದೆ. ಶೇಲ್, ಫಿಲೈಟ್, ಶಿಥಿಲಗೊಂಡ ಅದಿರಿನಂಥ ಮೃದುಶಿಲೆಯಾದರೋ ಮಣ್ಣಿನಂತೆ ಬಾಗಿದ ಪದರವಾಗಿ ಕುಸಿಯಬಲ್ಲದು. ಒಳಗೆ ನೀರು ತುಂಬಿ ಒತ್ತಡ ಏರಿದಾಗ ಕಣಗಳ ಹಿಡಿತ ಸಡಿಲುತ್ತದೆ.

ಹಿನ್ನೆಲೆ

ನೀರಿನೊತ್ತಡದ ಲೆಕ್ಕಾಚಾರಕ್ಕೆ 1920ರ ದಶಕದಲ್ಲಿ ತಳಹದಿ ಹಾಕಿದವರು ಕಾರ್ಲ್ ಟೆರ್ಜಾಗಿ. ಬ್ರಿಟನ್ನಿನ ಅಬರ್‌ಫ್ಯಾನ್‌ನಲ್ಲಿ 1966ರಲ್ಲಿ ಚಿಲುಮೆಯ ಮೇಲೆ ಸುರಿದಿದ್ದ ಕಲ್ಲಿದ್ದಲು ತ್ಯಾಜ್ಯದ ರಾಶಿ ಜಾರಿ 144 ಮಂದಿ ಸತ್ತರು. ಅವರಲ್ಲಿ 116 ಮಕ್ಕಳು. ರಾಶಿಯೂ ಗಣಿಗೋಡೆಯಷ್ಟೇ ಅಪಾಯಕಾರಿ ಎಂಬುದನ್ನು ಜಗತ್ತು ಆಗ ಕಂಡಿತು. ಭಾರತದ 1961ರ ಲೋಹಗಣಿ ನಿಯಮಾವಳಿಯ ಪ್ರಕಾರ ಮಣ್ಣು, ಮೊರಂ, ಜಲ್ಲಿನೆಲದಲ್ಲಿ ಗಣಿಯ ಬದಿ ಸಾಮಾನ್ಯವಾಗಿ 45 ಡಿಗ್ರಿಗಿಂತ ಕಡಿದಾಗಿರಬಾರದು, ಇಲ್ಲವೇ 1.5 ಮೀಟರ್ ಮೀರದ ಮೆಟ್ಟಿಲುಗಳಿರಬೇಕು. ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲಿ ಆರಂಭವಾದಾಗ ಈ ಅಧ್ಯಯನಕ್ಕೆ ರಾಜ್ಯದೊಳಗೇ ನೆಲೆ ಸಿಕ್ಕಿತು.

ಕುದುರೆಮುಖ

1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಇಲ್ಲಿ ತೆಗೆದದ್ದು ಶಿಥಿಲಗೊಂಡ ಮ್ಯಾಗ್ನೆಟೈಟ್ ಅದಿರು. ಮಲೆನಾಡಿನ ಜಡಿಮಳೆಯಲ್ಲಿ ಮೆಟ್ಟಿಲುಗಳನ್ನು ಕಾಯುವುದೆಂದರೆ ಮೊದಲು ನೀರನ್ನು ಕಾಯುವುದು. ನುಣ್ಣನೆಯ ತ್ಯಾಜ್ಯವನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತಡೆಹಿಡಿಯಲಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಬಳ್ಳಾರಿ–ಸಂಡೂರು

ಇಲ್ಲಿ ಗಟ್ಟಿ ಹೆಮಟೈಟಿನ ಜೊತೆಗೆ ಪದರದ ಮೆದು ಅದಿರು, ಹಿಟ್ಟಿನಂಥ ಬ್ಲೂ ಡಸ್ಟ್, ಶೇಲ್ ಒಂದೇ ಗುಡ್ಡದಲ್ಲಿ ಸಿಗುತ್ತವೆ. ಹಾಗಾಗಿ ಇಡೀ ಗಣಿಗೆ ಒಂದೇ ಓರೆ ಹೊಂದುವುದಿಲ್ಲ. ಅದಿರಿನ ಬೇಡಿಕೆ ಉಕ್ಕಿದ 2000ರ ದಶಕದಲ್ಲಿ ಹಲವೆಡೆ ಗುತ್ತಿಗೆಯ ಗಡಿ ಮೀರಿ ಅಗೆಯಲಾಯಿತು. ತ್ಯಾಜ್ಯವನ್ನು ಗುಡ್ಡದ ಇಳಿಜಾರಿನಲ್ಲೇ ಸುರಿಯಲಾಯಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಗಣಿ ಮತ್ತೆ ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಜಾರಿಯಾಗಬೇಕೆಂಬ ಷರತ್ತು ಬಂತು. ರಾಶಿಗಳ ಓರೆಯನ್ನು ತಗ್ಗಿಸುವುದು, ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳಕ್ಕೆ ಚೆಕ್ ಡ್ಯಾಂ, ಮೇಲೆ ಹುಲ್ಲು–ಗಿಡ ಇಂಥ ಯೋಜನೆಗಳ ಮುಖ್ಯ ಕೆಲಸಗಳಾದವು.

ಮಹತ್ವ

ಅಮೆರಿಕದ ಬಿಂಗಮ್ ಕಣಿವೆಯ ಗಣಿಗೋಡೆ 2013ರಲ್ಲಿ ಕುಸಿದಾಗ, ರೇಡಾರ್ ಮುಂತಾದ ಉಪಕರಣಗಳು ಮೊದಲೇ ಎಚ್ಚರಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಆದರೆ ಉಪಕರಣ ಕುಸಿತವನ್ನು ತಿಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ಮೃದುಶಿಲೆಯಲ್ಲಿ ಕುಸಿತ ತಡೆಯುವ ಕೆಲಸ ಮಳೆಗಾಲಕ್ಕೆ ಮೊದಲೇ, ನೀರಿಗೆ ದಾರಿ ಮಾಡಿಕೊಡುವುದರಿಂದ ಶುರುವಾಗಬೇಕು.